ಅಡುಗೆಮನೆ ಕಿಟಕಿ ಮತ್ತು ಮಿನೆಟ್ ಡಿ ಸಿಲ್ವಾ

ಎಲ್ಲರಿಗೂ ನಮಸ್ಕಾರ. ಚಿತ್ರಗಳನ್ನು ತೋರಿಸೋಣ ಅಂತ ತಂದಿದ್ದೆ, ಕರೆಂಟ್ ಹೋಯಿತು. ಚಿಕ್ಕಮಗಳೂರಿನಲ್ಲಿ ಮಳೆಗಾಲಕ್ಕೆ ಭಾಷಣ ಒಪ್ಪಿಕೊಂಡಿದ್ದು ನನ್ನದೇ ತಪ್ಪು, ಬಿಡಿ.

ಬರುವಾಗ ಕೈಮರದ ಕಡೆ ಒಂದು ಜೆಸಿಬಿ ಗುಡ್ಡ ಕೊರೆಯುತ್ತಿತ್ತು. ಮೊದಲು ಗುಡ್ಡ ಸಮ ಮಾಡುವುದು, ಆಮೇಲೆ ಮನೆ ಕಟ್ಟುವುದು, ಆಷಾಢದಲ್ಲಿ ಧರೆ ಕುಸಿಯಿತು ಅಂತ ಅಳುವುದು. ಶ್ರೀಲಂಕಾದ ಕ್ಯಾಂಡಿಯೂ ನಮ್ಮ ಥರದ್ದೇ ಊರು. ಗುಡ್ಡ, ಮಳೆ, ತೋಟ. ಅವರದು ಚಹಾ, ನಮ್ಮದು ಕಾಫಿ. ಅಲ್ಲಿ 1918ರಲ್ಲಿ ಹುಟ್ಟಿದ ಆರ್ಕಿಟೆಕ್ಟ್ ಮಿನೆಟ್ ಡಿ ಸಿಲ್ವಾ ತಮ್ಮ ಮೊದಲ ಮನೆಯನ್ನು ಇಳಿಜಾರಿನಲ್ಲೇ ಕಟ್ಟಿದರು. 1951ರ ಕರುಣಾರತ್ನೆ ಮನೆ. ಗುಡ್ಡ ಇಳಿದ ಹಾಗೆ ಮನೆಯೂ ಹಂತಹಂತವಾಗಿ ಇಳಿಯುತ್ತದೆ. ಒಂದು ಕಡೆ ಗಾಜಿನ ಇಟ್ಟಿಗೆ, ಇನ್ನೊಂದು ಕಡೆ ಊರಿನ ನೇಕಾರರ ದುಂಬರ ಚಾಪೆ.

ಈಕೆ ನಮಗೆ ದೂರದವರೂ ಅಲ್ಲ. ಮುಂಬೈಯಲ್ಲಿ ಓದುವಾಗ ಗಾಂಧೀಜಿ ಬಿಡುಗಡೆಗಾಗಿ ನಡೆದ ಮೆರವಣಿಗೆಗೆ ಹೋದರು. ಕ್ಷಮೆ ಕೇಳು ಅಂದರೆ ಕೇಳಲಿಲ್ಲ. ಕಾಲೇಜಿನಿಂದ ಹೊರಗೆ! ಆಮೇಲೆ ಬಂದಿದ್ದು ಎಲ್ಲಿಗೆ ಗೊತ್ತಾ? ಬೆಂಗಳೂರಿಗೆ. ಮೈಸೂರು ಸಂಸ್ಥಾನದ ಆರ್ಕಿಟೆಕ್ಟ್ ಆಟೋ ಕೋನಿಗ್ಸ್‌ಬರ್ಗರ್ ಹತ್ತಿರ ಕೆಲಸಕ್ಕೆ. 1948ರಲ್ಲಿ ಬ್ರಿಟನ್ನಿನ ಆರ್ಕಿಟೆಕ್ಟರ ಸಂಸ್ಥೆಗೆ ಅಸೋಸಿಯೇಟ್ ಆದರು. ಏಷ್ಯಾದ ಹೆಂಗಸರಲ್ಲಿ ಅವರೇ ಮೊದಲು.

ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಅವರು ಮಾಡಿದ ಕ್ಯಾಂಡಿಯ ವಟಪುಲುವ ಬಡಾವಣೆ. ಸರ್ಕಾರಿ ನೌಕರರಿಗೆ ಸುಮಾರು 250 ಮನೆ. ಈಕೆ ಗೆರೆ ಎಳೆಯುವ ಮೊದಲು ಪ್ರಶ್ನೆಪಟ್ಟಿ ಕೊಟ್ಟು, ಅಲ್ಲಿ ಬಾಳುವವರನ್ನೇ ಕೇಳಿದರು. ನಿಮಗೆ ಎಂಥ ಮನೆ ಬೇಕು?

ನಮ್ಮ ಮನೆ ಕಟ್ಟುವಾಗ ಮೇಸ್ತ್ರಿ ಕೇಳಿದ್ದು ಅಪ್ಪನನ್ನು. ಪೋರ್ಟಿಕೋ ಎಷ್ಟಗಲ? ಕಾರು ಇನ್ನೂ ಇರಲಿಲ್ಲ! ಅಮ್ಮನನ್ನು ಯಾರೂ ಕೇಳಲಿಲ್ಲ. ಅಡುಗೆಮನೆ ಕಿಟಕಿ ಪಡುವಣಕ್ಕೆ ಬಿತ್ತು. ಇರಚಲು ಸೀದಾ ಒಲೆ ಮೇಲೆ. ಅಮ್ಮ ಗೊಬ್ಬರದ ಚೀಲ ಬಿಚ್ಚಿ ತೊಳೆದು ಮೊಳೆ ಹೊಡೆದರು. ಕಟ್ಟೆಯೋ ಅವರ ಎದೆಮಟ್ಟ. ಊಟದ ಮಣೆ ಹಾಕಿಕೊಂಡು, ಅದರ ಮೇಲೆ ನಿಂತು ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಆ ಮಣೆಯ ಒಂದು ಕಾಲು ಸವೆದು ಟಕಟಕ ಅನ್ನುತ್ತಿತ್ತು. ಆ ಸದ್ದು ನಿಂತರೆ ರೊಟ್ಟಿ ಮುಗಿಯಿತು ಅಂತ ನಮಗೆ ಗೊತ್ತಾಗುತ್ತಿತ್ತು. ಪೋರ್ಟಿಕೋದಲ್ಲಿ ಮಾತ್ರ ಇವತ್ತಿಗೂ ಅಡಿಕೆ ಮೂಟೆ.

ಕೇಳಬೇಕು ರೀ. ಸುಮ್ನೆ ಕೇಳಿದರೆ ದುಡ್ಡೇನೂ ಖರ್ಚಾಗಲ್ಲ ಅಲ್ವಾ?

ಚೀಟಿ ಬಂತು, ಐದು ನಿಮಿಷವಂತೆ. ಮುಂಬೈಯ ಕಲಾಪತ್ರಿಕೆ ಮಾರ್ಗ್, ಚಂಡೀಗಢದ ನಕ್ಷೆ ಮಾಡಿದ ಲೆ ಕಾರ್ಬುಸಿಯೆ ಜೊತೆಗಿನ ಸ್ನೇಹ, ಹಾಂಗ್‌ಕಾಂಗಿನಲ್ಲಿ ಮಾಡಿದ ಪಾಠ, ಎಲ್ಲ ಬಿಟ್ಟೆ. 1996ರಲ್ಲಿ ಶ್ರೀಲಂಕಾದ ಆರ್ಕಿಟೆಕ್ಟರು ಮಿನೆಟ್ ಅವರಿಗೆ ಚಿನ್ನದ ಪದಕ ಕೊಟ್ಟರು. ಎರಡೇ ವರ್ಷಕ್ಕೆ ಈಕೆ ತೀರಿಕೊಂಡರು.

ಮನೆ ನಕ್ಷೆ ತೋರಿಸಬೇಕು ಅಂತ ಇಬ್ಬರು ಆಗಲೇ ಹೇಳಿದ್ದೀರಿ. ಕಾಫಿ ಹತ್ತಿರ ಸಿಗಿ, ನೋಡೋಣ. ಮನೆಯಲ್ಲಿ ಅಡುಗೆ ಮಾಡುವವರು ಯಾರೋ, ಅವರನ್ನೂ ಕರ್ಕೊಂಡು ಬನ್ನಿ.