ತುಣುಕು ವಿಡಿಯೊ ಬಿಡಿ, ಅಂಕಪಟ್ಟಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಜಪಾನಿನ ಜಿಮ್ನಾಸ್ಟ್ ದೈಕಿ ಹಾಶಿಮೊಟೊ ಅವರ ವಿಡಿಯೊಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸಿನ ತಂಡ ಸ್ಪರ್ಧೆಯಲ್ಲಿ ಹೈ ಬಾರ್, ಅಂದರೆ ಎತ್ತರದ ಅಡ್ಡಸರಳಿನ ಮೇಲೆ ಅವರ ಪ್ರದರ್ಶನ ಮುಗಿದು ಜಪಾನಿನ ಅಭಿಮಾನಿಗಳು ಕೂಗುತ್ತಿದ್ದಾಗ, ಮುಂದೆ ಬಾರ್ ಹಿಡಿಯಬೇಕಿದ್ದ ಚೀನಾದ ಜಾಂಗ್ ಬೊಹೆಂಗ್ ಅವರಿಗೆ ಅಡ್ಡಿಯಾಗದಿರಲೆಂದು ಹಾಶಿಮೊಟೊ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಆ ದೃಶ್ಯವನ್ನು ಚೀನಾದವರೂ ಮೆಚ್ಚಿ ಹಂಚಿಕೊಂಡರು. ಆದರೆ ಅದಕ್ಕೆ ಮೂರು ವರ್ಷ ಮೊದಲು ಇದೇ ಅಂತರಜಾಲ ಇದೇ ಯುವಕನನ್ನು ಬಾಯಿಗೆ ಬಂದಂತೆ ಬೈದಿತ್ತು. ಎರಡು ಸಲವೂ ಕಾರಣ ಕೆಲವೇ ಕ್ಷಣಗಳ ತುಣುಕು. ಅದಕ್ಕೇ ನಾನು ಕೇಳಿಕೊಳ್ಳುವುದು: ತುಣುಕು ನೋಡಿ ತೀರ್ಪು ಕೊಡಬೇಡಿ, ಅಂಕಪಟ್ಟಿ ನೋಡಿ.

2021ರ ಜುಲೈ 28, ಟೋಕಿಯೊ. ಪುರುಷರ ಸರ್ವಾಂಗೀಣ ಫೈನಲ್, ಅಂದರೆ ಆರು ಸಾಧನಗಳ ಅಂಕ ಕೂಡಿಸಿ ವಿಜೇತರನ್ನು ಆರಿಸುವ ಸ್ಪರ್ಧೆ. ಹಾಶಿಮೊಟೊ ಅವರಿಗೆ ಆಗ 19 ವರ್ಷ. ಓಡಿಬಂದು ಮೇಜಿನಂಥ ಸಾಧನದ ಮೇಲೆ ಕೈಯೂರಿ ಹಾರುವ ವಾಲ್ಟಿನಲ್ಲಿ ಮೇಲೆ ಹಾರಿ, ದೇಹವನ್ನು ತಿರುಚಿ ಇಳಿದಾಗ ಅವರ ಒಂದು ಕಾಲು ಮ್ಯಾಟಿನ ಅಂಚು ದಾಟಿತು. ಆದರೂ 14.700 ಅಂಕ ಬಂತು. ಕೊನೆಯ ಸಾಧನವಾದ ಹೈ ಬಾರ್ ಮುಗಿಸಿ ಇಳಿದಾಗ ಅವರ ಒಟ್ಟು ಅಂಕ 88.465, ಚೀನಾದ ಷಿಯಾವ್ ರೂಟೆಂಗ್ ಅವರದು 88.065. ಚಿನ್ನ ಹಾಶಿಮೊಟೊ ಪಾಲಾಯಿತು. ಒಲಿಂಪಿಕ್ಸಿನ ಈ ಪ್ರಶಸ್ತಿಯನ್ನು ಇಷ್ಟು ಚಿಕ್ಕ ವಯಸ್ಸಿನಲ್ಲಿ ಗೆದ್ದ ಪುರುಷ ಇನ್ನೊಬ್ಬನಿರಲಿಲ್ಲ.

ಅಂಚು ದಾಟಿದ ಆ ಕಾಲಿನ ಚಿತ್ರವನ್ನಷ್ಟೇ ಹಿಡಿದು, ಅಂಕ ಹೆಚ್ಚು ಕೊಟ್ಟರೆಂದು ಸಾವಿರಾರು ಮಂದಿ ಅವರ ಇನ್‌ಸ್ಟಾಗ್ರಾಮ್ ಖಾತೆಗೆ ನುಗ್ಗಿ ನಿಂದಿಸತೊಡಗಿದರು. ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ಒಂದು ಕಾಲು ಗೆರೆ ದಾಟಿದರೆ ನಿಯಮದ ಪ್ರಕಾರ ಕಡಿತವಾಗುವುದು 0.1 ಅಂಕ ಮಾತ್ರ. ಕಸರತ್ತಿನ ಕ್ಲಿಷ್ಟತೆಗೆ ಸಿಗುವ ಅಂಕ ಬೇರೆ, ಅದನ್ನು ಮಾಡಿದ ಅಚ್ಚುಕಟ್ಟಿಗೆ ಸಿಗುವ ಅಂಕ ಬೇರೆ. ಕಾಲು ತಪ್ಪಿದ ಮಾತ್ರಕ್ಕೆ ಗಾಳಿಯಲ್ಲಿ ಮಾಡಿದ ತಿರುವುಗಳ ಅಂಕ ಹೋಗುವುದಿಲ್ಲ. ಹೈ ಬಾರ್ ಪ್ರದರ್ಶನದ ಕೊನೆಗೆ ತೀರ್ಪುಗಾರರಿಗೆ ವಂದಿಸದ ಕಾರಣ ಷಿಯಾವ್ 0.3 ಕಳೆದುಕೊಂಡಿದ್ದರೆಂದು ಹಲವರು ದೂರಿದರು. ಅದನ್ನು ಮರಳಿ ಕೊಟ್ಟರೂ ಅವರು 0.1 ಹಿಂದೆಯೇ ಉಳಿಯುತ್ತಿದ್ದರು. ಇಷ್ಟು ಸಣ್ಣ ಲೆಕ್ಕ ಹಾಕುವ ತಾಳ್ಮೆ ಜನರಿಗೆ ಇರಲಿಲ್ಲವಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್ ಕಡಿತದ ವಿವರ ಪ್ರಕಟಿಸಿ, ಅಂಕ ಸರಿಯಾಗಿದೆ ಎಂದಿತು. ಹಾಶಿಮೊಟೊ ಕೂಡ ಅದನ್ನೇ ಮುಂದಿಟ್ಟು ಸಮಾಧಾನದಿಂದ ಉತ್ತರ ಬರೆದರು. ಕ್ರೀಡಾಪಟುಗಳ ಮೇಲೆ ಹರಿಹಾಯುವುದನ್ನು ನಿಲ್ಲಿಸಿ ಎಂದು ಷಿಯಾವ್ ಸ್ವತಃ ಕೋರಿದರು. ಅದು ದೊಡ್ಡ ಮನಸ್ಸು.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. 2022ರಲ್ಲಿ ಲಿವರ್‌ಪೂಲ್, 2023ರಲ್ಲಿ ಆ್ಯಂಟ್‌ವರ್ಪ್, ಎರಡೂ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಸರ್ವಾಂಗೀಣ ಚಿನ್ನ ಹಾಶಿಮೊಟೊ ಅವರದೇ ಆಯಿತು. ಟೋಕಿಯೊದ ಹೈ ಬಾರ್ ಫೈನಲಿನಲ್ಲೂ 15.066 ಅಂಕದೊಂದಿಗೆ ಚಿನ್ನ ಗೆದ್ದಿದ್ದರು. ಆ ಪ್ರದರ್ಶನವನ್ನು ಮೊದಲಿನಿಂದ ಕೊನೆಯವರೆಗೆ ನೋಡಿ, ಬಾರ್ ಬಿಟ್ಟು ಹಾರಿ ಮತ್ತೆ ಹಿಡಿಯುವಾಗ ಅವರ ಮೊಣಕೈ ಮಡಚುತ್ತದೆಯೇ ಎಂದು ಗಮನಿಸಿ, ಆಮೇಲೆ ಅಂಕಪಟ್ಟಿ ತೆರೆಯಿರಿ. ನಮಸ್ಕಾರ.