ಜುಬಿಲಿ ವರ್ಷ ಮತ್ತು ಮನೆಯ ಪಾಲು

ಪೂಜ್ಯ ಗುರುಗಳೇ, ಧರ್ಮಭಗಿನಿಯರೇ, ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರೇ, ಬಂಧುಗಳೇ,

ಧರ್ಮಸಭೆ ಕ್ಷಮೆ ಮತ್ತು ಬಿಡುಗಡೆಯ ಪವಿತ್ರ ವರ್ಷವಾಗಿ ಆಚರಿಸುವ 2025ರ ಜುಬಿಲಿ ವರ್ಷ ಮುಗಿಯುತ್ತಾ ಬಂತು. ನಮ್ಮಲ್ಲಿ ಅನೇಕರು ಮಂಗಳೂರಿನ ರೊಸಾರಿಯೊ ಕೆಥೆಡ್ರಲ್‌ಗೆ, ಕಲ್ಯಾಣಪುರಕ್ಕೆ, ಅತ್ತೂರಿಗೆ ಯಾತ್ರೆ ಹೋಗಿ ಬಂದಿದ್ದಾರೆ. ಬಹಳ ಸಂತೋಷ. ಆದರೆ ಈ ವರ್ಷ ನಮ್ಮಿಂದ ಇನ್ನೊಂದು ಪ್ರಯಾಣವನ್ನು ಕೇಳುತ್ತದೆ. ಅದು ಹೆಚ್ಚಾಗಿ ಪಕ್ಕದ ಮನೆಯವರೆಗಿನದು.

ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಐವತ್ತನೆಯ ವರ್ಷದಲ್ಲಿ ಕೊಂಬು ಊದಬೇಕು, ಬಡತನದಿಂದ ತನ್ನನ್ನೇ ಮಾರಿಕೊಂಡವನು ಮನೆಗೆ ಮರಳಬೇಕು, ಕೈಬಿಟ್ಟ ಭೂಮಿ ಮೂಲ ಕುಟುಂಬಕ್ಕೆ ಸೇರಬೇಕು. ಕಾರಣವನ್ನೂ ದೇವರೇ ಹೇಳುತ್ತಾರೆ: ಭೂಮಿ ನನ್ನದು, ನೀವು ಅದರಲ್ಲಿ ತಂಗಿರುವ ಪರದೇಶಿಗಳು. ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸು ಯೆಶಾಯನ ಸುರುಳಿ ಬಿಚ್ಚಿ ಸಾರಿದ್ದೂ ಇದೇ ಬಿಡುಗಡೆಯ ವರ್ಷವನ್ನು. ರೋಮಿನಲ್ಲಿ ಪೋಪ್ ಎಂಟನೇ ಬೊನಿಫಾಸ್ 1300ರಲ್ಲಿ ಮೊದಲ ಜುಬಿಲಿ ಘೋಷಿಸಿದರು. 1475ರಿಂದ ಇಪ್ಪತ್ತೈದು ವರ್ಷಕ್ಕೊಮ್ಮೆ ಎಂಬ ರೂಢಿ ನಿಂತಿತು.

ಭೂಮಿಯ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. 1974ರ ಭೂಸುಧಾರಣೆಯ ಕಾಲದಲ್ಲಿ ಡಿಕ್ಲರೇಶನ್ (ಗೇಣಿದಾರನ ಹಕ್ಕಿನ ಅರ್ಜಿ) ಕೊಟ್ಟು, ಗೇಣಿಗೆ ಉಳುತ್ತಿದ್ದ ಗದ್ದೆಗೇ ಒಡೆಯರಾದ ಕುಟುಂಬಗಳು ಈ ಸಭಾಂಗಣದಲ್ಲಿಯೂ ಇರಬಹುದು. ಧಣಿಯ ಅಂಗಳದಲ್ಲಿ ತಲೆತಗ್ಗಿಸಿ ಅಕ್ಕಿ ಅಳೆದುಕೊಟ್ಟವರಿಗೆ ಬಿಡುಗಡೆ ಎಂದರೇನೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ನನ್ನನ್ನು ಅತಿಯಾಗಿ ನೋಯಿಸುವುದು ಮುಂದಿನ ಕಥೆ. ಹಾಗೆ ಸಿಕ್ಕಿದ ಅದೇ ಗದ್ದೆಗಾಗಿ ಈಗ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದಾರೆ. ಅಕ್ಕತಂಗಿಯರಿಂದ ಹಕ್ಕುಬಿಡುಗಡೆಗೆ ಸಹಿ ಹಾಕಿಸಿಕೊಂಡು, ಆಮೇಲೆ ತವರಿನ ಬಾಗಿಲನ್ನೇ ಮುಚ್ಚಿದವರಿದ್ದಾರೆ.

ಮಾತೆ ಮರಿಯಳ ಜನ್ಮದಿನದ ತೆನೆ ಹಬ್ಬವಾದ ಮೊಂತಿ ಹಬ್ಬವನ್ನೇ ನೋಡಿ. ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಪಾಯಸದಲ್ಲಿ ಬೆರೆಸಿ, ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಪರವೂರಿನಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿ ಕಾಳು ಕಳುಹಿಸುತ್ತಿದ್ದ ಸಮುದಾಯ ನಮ್ಮದು. ಇಂದು ಒಂದೇ ಬಾವಿಯ ನೀರು ಕುಡಿಯುವ ಎರಡು ಮನೆಗಳಲ್ಲಿ, ಕಾಂಪೌಂಡ್ ಗೋಡೆಯ ಆಚೆಗೊಂದು ಈಚೆಗೊಂದು ಹೊಸ ಅಕ್ಕಿಯ ಪಾಯಸ ಬೇಯುತ್ತದೆ. ತಾಯಿ ಯಾವ ಮನೆಯಲ್ಲಿ ಉಣ್ಣಬೇಕು? ಈ ಪ್ರಶ್ನೆಯನ್ನು ಆಕೆ ಯಾರ ಬಳಿಯೂ ಕೇಳುವುದಿಲ್ಲ.

2024ರ ಡಿಸೆಂಬರ್ 24ರ ರಾತ್ರಿ ಪೋಪ್ ಫ್ರಾನ್ಸಿಸ್ ಗಾಲಿಕುರ್ಚಿಯಲ್ಲಿ ಕುಳಿತು ಸಂತ ಪೇತ್ರರ ಬಸಿಲಿಕದಲ್ಲಿ ಜುಬಿಲಿಗೆಂದೇ ತೆರೆಯುವ ಪವಿತ್ರ ದ್ವಾರವನ್ನು ತೆರೆದರು. ಎರಡು ದಿನ ಬಿಟ್ಟು ಅವರು ಪವಿತ್ರ ದ್ವಾರ ತೆರೆದದ್ದು ರೋಮಿನ ರೆಬಿಬ್ಬಿಯಾ ಜೈಲಿನಲ್ಲಿ. 2025ರ ಏಪ್ರಿಲ್ 21ರಂದು ಅವರು ನಮ್ಮನ್ನು ಅಗಲಿದರು. ಅವರು ತೆರೆದ ದ್ವಾರವನ್ನು ಪೋಪ್ ಹದಿನಾಲ್ಕನೇ ಲಿಯೊ 2026ರ ಜನವರಿ 6ರಂದು ಮುಚ್ಚಲಿದ್ದಾರೆ. ಶ್ರೀಮಂತ ದೇಶಗಳು ಬಡ ದೇಶಗಳ ಸಾಲ ಮನ್ನಾ ಮಾಡಲಿ ಎಂದು ಫ್ರಾನ್ಸಿಸ್ ಜುಬಿಲಿ ಘೋಷಣೆಯಲ್ಲಿ ಬರೆದಿದ್ದರು. ಅದನ್ನು ಓದಿ ಮೆಚ್ಚಿಕೊಂಡ ನಾವು, ಒಡಹುಟ್ಟಿದ ತಮ್ಮನು ತೀರಿಸಲಾಗದ ಕೈಸಾಲವನ್ನು ಹತ್ತು ಜನರೆದುರು ಎತ್ತಿ ಆಡುತ್ತೇವಲ್ಲ!

ದಂಡವಿಮೋಚನೆಗೆ, ಅಂದರೆ ಪಾಪದ ದಂಡನೆಯಿಂದ ಸಿಗುವ ಬಿಡುಗಡೆಗೆ, ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಬೇಕೆಂದು ನಿಮಗೆ ಗೊತ್ತು. ರೋಗಿಗಳನ್ನು, ಬಂದಿಗಳನ್ನು, ಒಂಟಿ ವೃದ್ಧರನ್ನು ಭೇಟಿಯಾಗುವುದೂ ಯಾತ್ರೆಯೇ ಎಂದು ಧರ್ಮಸಭೆ ಈ ವರ್ಷ ಸ್ಪಷ್ಟವಾಗಿ ಹೇಳಿದೆ. ಕೊಡಿಯಾಲ್‌ಬೈಲಿನ ಜೈಲು ನಮ್ಮ ಪೇಟೆಯ ನಡುವೆಯೇ ಇದೆ. ಮಕ್ಕಳೆಲ್ಲ ಕೊಲ್ಲಿ ದೇಶಗಳಿಗೆ ಹೋಗಿ, ದೊಡ್ಡ ಮನೆಯಲ್ಲಿ ಒಬ್ಬರೇ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುವ ಅಜ್ಜಿಯರು ಪ್ರತಿ ವಾಳೆಯಲ್ಲಿಯೂ ಇದ್ದಾರೆ.

ಸ್ಥಳೀಯ ಧರ್ಮಸಭೆಗಳಲ್ಲಿ ಜುಬಿಲಿ ಡಿಸೆಂಬರ್ 28ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಗುರಿಕಾರರು ತಮ್ಮ ವಾಳೆಯಲ್ಲಿ ಮಾತು ಬಿಟ್ಟ ಮನೆಗಳಿಗೆ ಗುರುಗಳನ್ನು ಕರೆದುಕೊಂಡು ಹೋಗಲಿ ಎಂಬುದು ನನ್ನ ಕೋರಿಕೆ. ಪಾಲುಪಟ್ಟಿಯ ತಕರಾರು ಅಲ್ಲೇ ಬಗೆಹರಿಯಬೇಕೆಂದೇನೂ ಇಲ್ಲ. ಅದಕ್ಕೆ ವಕೀಲರಿದ್ದಾರೆ, ಸರ್ವೇಯರ್ ಇದ್ದಾರೆ. ಈ ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿಗಳ ತಟ್ಟೆ ಆ ಗೋಡೆಯನ್ನು ದಾಟಲಿ, ತಾಯಿ ಎರಡೂ ಮನೆಗಳಲ್ಲಿ ಉಣ್ಣಲಿ.