ಪರದೆಯ ಮೇಲಿನ ಸಾಲು ಓದಿದಿರಾ?

ನಮಸ್ಕಾರ ಕೇಳುಗರೇ.

ಇವತ್ತಿನ ಮಾತು ನಿಮ್ಮ ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕೂತಿರುವ ಹಳೇ ಕಂಪ್ಯೂಟರಿನ ಬಗ್ಗೆ. ದೊಡ್ಡ ಡಬ್ಬ, ಬೇರೆ ಮಾನಿಟರ್, ಬೇರೆ ಕೀಬೋರ್ಡ್ ಇರುವ ಡೆಸ್ಕ್‌ಟಾಪ್. ಮಕ್ಕಳು ಕಾಲೇಜಿಗೆ ಹೋಗುವಾಗ ತಂದದ್ದು. ಈಗ ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾರೆ. ಡಬ್ಬ ಮಾತ್ರ ಇಲ್ಲೇ ಉಳಿದಿದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ ಬೇಕು, ಹೊಸ ಪ್ರೊಸೆಸರ್ ಬೇಕು. ನಿಮ್ಮ ಡಬ್ಬದಲ್ಲಿ ಎರಡೂ ಇಲ್ಲ. ಹಾಗಂತ ಅದನ್ನು ಗುಜರಿಗೆ ಹಾಕಬೇಡಿ. ಲಿನಕ್ಸ್ ಹಾಕಿ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಅನ್ನುವ ಹುಡುಗ ಶುರು ಮಾಡಿದ್ದು ಅದು, ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ದುಡ್ಡು ಕೊಡಬೇಕಾಗಿಲ್ಲ. 4 ಜಿಬಿ ಮೆಮೊರಿ ಇದ್ದರೆ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿ ಆರಾಮಾಗಿ ಓಡುತ್ತದೆ. ಪತ್ರ ಬರೆಯಲು, ಇಂಟರ್ನೆಟ್ ನೋಡಲು, ಮೊಮ್ಮಕ್ಕಳ ಮುಖ ನೋಡಲು ಇನ್ನೆಷ್ಟು ಬೇಕು?

ಇಷ್ಟು ಹೇಳಿದರೆ ಜನ ಹುಮ್ಮಸ್ಸಿನಿಂದ ಹಾಕಿಬಿಡುತ್ತಾರೆ. ಮಾರನೇ ದಿನ ನನಗೆ ಫೋನ್. "ಸರ್, ಆನ್ ಆಗ್ತಾ ಇಲ್ಲ." ಪರದೆ ಮೇಲೆ ಎಂತ ಬರೆದಿದೆ ಅಂತ ಕೇಳುತ್ತೇನೆ. "ಎಂತದೋ ಇಂಗ್ಲಿಷಿನಲ್ಲಿ ಬಂತು ಸರ್. ಆಫ್ ಮಾಡಿದೆ."

ಈ ಉತ್ತರ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬಾನುಲಿಯಲ್ಲಿ ಹೀಗೆ ಹೇಳಬಾರದೋ ಏನೋ, ಆದರೂ ಬರುತ್ತದೆ. ಪಾಪ, ಆ ಯಂತ್ರ ತನಗೆ ಎಲ್ಲಿ ನೋಯುತ್ತಿದೆ ಅಂತ ಬರೆದು ತೋರಿಸಿದೆ. ನೀವು ಅದರ ಬಾಯಿ ಮುಚ್ಚಿಸಿ ಬೇರೆಯವರನ್ನು ಕೇಳುತ್ತೀರಿ.

ಆದ್ದರಿಂದ ಇವತ್ತು ನಾನು ಹೇಳಲು ಬಂದದ್ದು ಒಂದೇ ಮಾತು. ಯಂತ್ರ ನಿಂತಾಗ ಪರದೆಯ ಮೇಲಿನ ಸಾಲು ಓದಿ. ಆಫ್ ಮಾಡುವ ಮೊದಲು ಓದಿ. ಇಂಗ್ಲಿಷ್ ಓದಲು ಕಷ್ಟವಾದರೆ ಫೋನಿನಲ್ಲಿ ಫೋಟೊ ತೆಗೆದು ಇಟ್ಟುಕೊಳ್ಳಿ. ಹಂಪನಕಟ್ಟೆಯ ಅಂಗಡಿಗೆ ಡಬ್ಬ ಹೊತ್ತುಕೊಂಡು ಹೋಗುವ ಮೊದಲು ಓದಿ. ಪುನಃ ಇನ್‌ಸ್ಟಾಲ್ ಮಾಡುವ ಮೊದಲಂತೂ ಖಂಡಿತ ಓದಿ.

ಯಾಕೆ ಅಂತ ಹೇಳುತ್ತೇನೆ. ನೀವೆಲ್ಲ ಯಕ್ಷಗಾನ ನೋಡಿದವರು. ಆಟ ಅಂದರೆ ನೇರ ಪ್ರಸಂಗವೇ ಶುರುವಾಗುತ್ತದಾ? ಇಲ್ಲ. ಮೊದಲು ಚೌಕಿಯಲ್ಲಿ ಗಣಪತಿ ಪೂಜೆ. ಆಮೇಲೆ ಕೋಡಂಗಿ ಬರಬೇಕು, ಬಾಲಗೋಪಾಲ ಬರಬೇಕು, ಸ್ತ್ರೀವೇಷ ಬರಬೇಕು. ಪ್ರಸಂಗದ ದೇವೇಂದ್ರ ಬರುವುದು ಅದಾದ ಮೇಲೆ. ಕಂಪ್ಯೂಟರ್ ಏಳುವುದೂ ಹಾಗೆಯೇ, ಒಂದರ ಹಿಂದೆ ಒಂದು. ಸ್ವಿಚ್ ಒತ್ತಿದ ಕೂಡಲೇ ಮದರ್‌ಬೋರ್ಡಿನಲ್ಲಿರುವ ಬಯಾಸ್ ಅನ್ನುವ ಪ್ರೋಗ್ರಾಂ ಎದ್ದು ಮೆಮೊರಿ, ಕೀಬೋರ್ಡ್ ಎಲ್ಲ ಸರಿ ಇದೆಯಾ ಅಂತ ನೋಡುತ್ತದೆ. ಆಮೇಲೆ ಯಾವ ಡಿಸ್ಕಿನಿಂದ ಶುರು ಮಾಡಬೇಕು ಅಂತ ಹುಡುಕುತ್ತದೆ. ಆ ಡಿಸ್ಕಿನಲ್ಲಿ ಗ್ರಬ್ ಅನ್ನುವ ಸಣ್ಣ ಪ್ರೋಗ್ರಾಂ ಕೂತಿರುತ್ತದೆ. ಅದು ಲಿನಕ್ಸಿನ ಕರ್ನಲನ್ನು, ಅಂದರೆ ಅದರ ತಿರುಳನ್ನು, ಕರೆಯುತ್ತದೆ. ಕರ್ನಲ್ ತನ್ನ ಫೈಲುಗಳಿರುವ ಜಾಗ ಹುಡುಕಿ ಉಳಿದದ್ದನ್ನೆಲ್ಲ ಎಬ್ಬಿಸುತ್ತದೆ. ಆಮೇಲೆ ನಿಮ್ಮ ಹೆಸರು, ಪಾಸ್‌ವರ್ಡ್ ಕೇಳುವ ಪರದೆ.

ಈಗ ಹೇಳಿ. ಕೋಡಂಗಿಯೇ ಬರದೆ ಆಟ ನಿಂತರೆ ದೇವೇಂದ್ರನಿಗೆ ಯಾಕೆ ಬೈಯಬೇಕು? ಬಯಾಸ್ ಹಂತದಲ್ಲಿ ನಿಂತ ಯಂತ್ರಕ್ಕೆ ಲಿನಕ್ಸನ್ನು ಬೈದು, ಪುನಃ ಲಿನಕ್ಸ್ ಹಾಕಿ ಏನು ಪ್ರಯೋಜನ? ಎಲ್ಲಿ ನಿಂತಿದೆ ಅನ್ನುವುದು ಆ ಒಂದು ಸಾಲಿನಲ್ಲಿ ಇರುತ್ತದೆ.

ಇದಕ್ಕೆ ಒಂದು ಕತೆ ಹೇಳಲೇಬೇಕು. ನಮ್ಮ ಸಂಬಂಧಿಕರೊಬ್ಬರು ಕಾಪುವಿನಲ್ಲಿದ್ದಾರೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ನಾನು ಮಾವ ಅಂತ ಕರೆಯುತ್ತೇನೆ. ಅವರಿಗೆ ತಾಳಮದ್ದಳೆ ಅಂದರೆ ಪ್ರಾಣ. ಊರೂರು ಸುತ್ತಿ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಇಟ್ಟಿದ್ದಾರೆ. ಕಂಪ್ಯೂಟರ್ ಬಹಳ ನಿಧಾನ ಆಯಿತು ಅಂತ ಲಿನಕ್ಸ್ ಹಾಕಿಸುವ ಆಸೆ. ಆದರೆ ತಾಳಮದ್ದಳೆ ಇರುವ ಡಿಸ್ಕನ್ನು ಯಾರೂ ಮುಟ್ಟಕೂಡದು ಅಂತ ಕಟ್ಟಪ್ಪಣೆ. ಸರಿ, ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗ ಎಸ್‌ಎಸ್‌ಡಿ ಅನ್ನುವ ವೇಗದ ಹೊಸ ಡಿಸ್ಕ್ ಒಂದನ್ನು ತರಿಸಿ, ಡಬ್ಬದೊಳಗೆ ಕೂರಿಸಿ, ಅದರಲ್ಲಿ ಲಿನಕ್ಸ್ ಹಾಕಿ ಕೊಟ್ಟ. ಹಳೇ ಡಿಸ್ಕಿನಲ್ಲಿ ಬರೀ ತಾಳಮದ್ದಳೆ, ಹೊಸದರಲ್ಲಿ ಲಿನಕ್ಸ್. ಬುದ್ಧಿವಂತ ಕೆಲಸವೇ. ಚೆನ್ನಾಗಿ ಓಡಿತು.

ಅದು ಮೇ ತಿಂಗಳು. ಸಂಜೆಯಾದರೆ ಗುಡುಗು ಮಿಂಚು. ನಮ್ಮ ಕರಾವಳಿಯಲ್ಲಿ ಗುಡುಗು ಕೇಳಿದ ಕೂಡಲೇ ಟಿವಿ, ಫ್ರಿಜ್, ಕಂಪ್ಯೂಟರ್ ಎಲ್ಲದರ ಪ್ಲಗ್ ಕೀಳುವುದು ರೂಢಿ, ಅಲ್ವಾ? ಮಾವನೂ ಕಿತ್ತರು. ಮಾರನೇ ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ. ಹುಡುಗ ಬಂದ. ನೋಡಿದ. ಪುನಃ ಲಿನಕ್ಸ್ ಹಾಕಿದ. ಎದ್ದಿತು. ನಾಲ್ಕು ದಿನ ಮಳೆ ಇಲ್ಲ, ಏನೂ ತೊಂದರೆ ಇಲ್ಲ. ಪುನಃ ಗುಡುಗು, ಪುನಃ ಪ್ಲಗ್, ಪುನಃ ಅದೇ ರಗಳೆ. ಹುಡುಗ ಬಂದ, ಲಿನಕ್ಸ್ ಹಾಕಿದ, ಎದ್ದಿತು. ಹೀಗೇ ನಡೆಯಿತು.

ಕೊನೆಗೆ ಮಾವ ನನಗೆ ಫೋನ್ ಮಾಡಿದರು. "ನಿಮ್ಮ ಲಿನಕ್ಸಿಗೆ ಸಿಡಿಲು ಅಂದ್ರೆ ಹೆದರಿಕೆ ಉಂಟಾ ಮಾರಾಯ? ವಿಂಡೋಸಿಗೆ ಹೀಗೆ ಆಗ್ತಿರ್ಲಿಲ್ಲ."

ಕಾಪುವಿಗೆ ಹೋದೆ. ಹಿಂದಿನ ರಾತ್ರಿ ಗುಡುಗಿತ್ತು, ಯಂತ್ರ ಮಲಗಿತ್ತು. ಮಾವ, ನೀವೇ ಆನ್ ಮಾಡಿ, ಏನು ಬರುತ್ತದೋ ಜೋರಾಗಿ ಓದಿ ಅಂದೆ. ಅವರು ಆನ್ ಮಾಡಿದರು. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಬಂತು. ಕಣ್ಣು ಮುಚ್ಚಿ ಬಿಡುವುದರೊಳಗೆ ಮಾವ ಒಂದು ಕೀ ಒತ್ತಿಬಿಟ್ಟರು, ಅಕ್ಷರ ಮಾಯ. ಆಮೇಲೆ ಇನ್ನೊಂದು ಸಾಲು. ಅದನ್ನು ಬ್ಯಾಂಕಿನ ಗತ್ತಿನಲ್ಲೇ ಓದಿದರು. "ರೀಬೂಟ್ ಆ್ಯಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್."

ಮೊದಲು ಬಂದದ್ದು ಎಂತ ಮಾವ?

"ಅದು ಯಾವಾಗ್ಲೂ ಬರ್ತದೆ. ಎಫ್ 2 ಒತ್ತಿದ್ರೆ ಹೋಗ್ತದೆ."

ಪುನಃ ಆನ್ ಮಾಡಿಸಿದೆ. ಕೀಬೋರ್ಡನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಈಗ ಓದಿ ಅಂದೆ. "ಸಿಎಂಒಎಸ್ ಚೆಕ್‌ಸಮ್ ಬ್ಯಾಡ್. ಪ್ರೆಸ್ ಎಫ್ 1 ಟು ರನ್ ಸೆಟಪ್. ಪ್ರೆಸ್ ಎಫ್ 2 ಟು ಲೋಡ್ ಡಿಫಾಲ್ಟ್ ವ್ಯಾಲ್ಯೂಸ್ ಆ್ಯಂಡ್ ಕಂಟಿನ್ಯೂ."

ಓದಿ ಮುಗಿಸಿ ಮಾವ ಸುಮ್ಮನಾದರು. ಅರ್ಥ ಆಗಿತ್ತು. ಎಫ್ 2 ಒತ್ತಿದರೆ ನಾವು ಇಟ್ಟ ಸೆಟ್ಟಿಂಗ್ ಎಲ್ಲ ಬಿಟ್ಟು ಕಂಪನಿ ಇಟ್ಟ ಸೆಟ್ಟಿಂಗ್ ಹಾಕಿಕೊಂಡು ಮುಂದೆ ಹೋಗು ಅಂತ. ವರ್ಷಗಳಿಂದ ಅದನ್ನು ಓದದೆ ಒತ್ತುತ್ತಿದ್ದರು.

ಆದದ್ದು ಇಷ್ಟು. ಮದರ್‌ಬೋರ್ಡಿನಲ್ಲಿ ನಾಣ್ಯದ ಹಾಗಿರುವ ಒಂದು ಸೆಲ್ ಇರುತ್ತದೆ. ಸಿಆರ್ 2032 ಅಂತ ಅದರ ಮೇಲೇ ಬರೆದಿರುತ್ತದೆ. 3 ವೋಲ್ಟ್. ಕರೆಂಟ್ ಇಲ್ಲದಾಗ ದಿನಾಂಕವನ್ನೂ, ಬಯಾಸ್ ಸೆಟ್ಟಿಂಗನ್ನೂ ನೆನಪಿಟ್ಟುಕೊಳ್ಳುವುದು ಅದರ ಶಕ್ತಿಯಿಂದ. ಮಾವನ ಸೆಲ್ ಯಾವತ್ತೋ ಸತ್ತಿತ್ತು. ಪ್ಲಗ್ ಹಾಕಿಯೇ ಇದ್ದರೆ ತೊಂದರೆ ಇಲ್ಲ. ಕಂಪ್ಯೂಟರ್ ಆಫ್ ಇದ್ದರೂ ಸ್ವಲ್ಪ ಕರೆಂಟ್ ಒಳಗೆ ಹೋಗುತ್ತಿರುತ್ತದೆ, ಅದರಲ್ಲೇ ನೆನಪು ಉಳಿಯುತ್ತದೆ. ಪ್ಲಗ್ ಕಿತ್ತರೆ ಎಲ್ಲ ಮರೆತುಹೋಗುತ್ತದೆ. ಮರೆತ ಮೇಲೆ ಬಯಾಸ್ ಮೊದಲು ಹುಡುಕುತ್ತಿದ್ದದ್ದು ಹಳೇ ಡಿಸ್ಕನ್ನು. ಅದರಲ್ಲಿ ಬರೀ ತಾಳಮದ್ದಳೆ! ಗ್ರಬ್ಬೂ ಇಲ್ಲ, ಕರ್ನಲ್ಲೂ ಇಲ್ಲ. ಮತ್ತೆ ಅದು ಸರಿಯಾದ ಡಿಸ್ಕ್ ಆರಿಸಿ ಅಂತ ಹೇಳದೆ ಇನ್ನೇನು ಹೇಳಬೇಕು?

ಹಾಗಾದರೆ ಹುಡುಗ ಪುನಃ ಹಾಕಿದಾಗೆಲ್ಲ ಸರಿಯಾದದ್ದು ಹೇಗೆ? ಪೆನ್‌ಡ್ರೈವಿನಿಂದ ಶುರು ಮಾಡಲು ಅವನು ಪ್ರತಿ ಸಲ ಬಯಾಸಿನೊಳಗೆ ಹೋಗುತ್ತಿದ್ದ. ಹೋದಾಗ ಎಸ್‌ಎಸ್‌ಡಿಯನ್ನೂ ಪಟ್ಟಿಯಲ್ಲಿ ಮೇಲಕ್ಕೆ ತರುತ್ತಿದ್ದ. ಗುಣವಾದದ್ದು ಅದರಿಂದ. ಲಿನಕ್ಸ್ ಪುನಃ ಹಾಕಿದ ಗಂಟೆಗಟ್ಟಲೆ ಕೆಲಸ ಪೂರಾ ದಂಡ. ವಿಂಡೋಸಿನ ಕಾಲದಲ್ಲಿ ಇದ್ದದ್ದೇ ಒಂದು ಡಿಸ್ಕ್. ಮರೆತರೂ ಬಯಾಸಿಗೆ ಬೇರೆ ದಾರಿ ಇರಲಿಲ್ಲ, ಆದ್ದರಿಂದ ಆಗ ಗೊತ್ತಾಗಲಿಲ್ಲ. ಆದರೆ ಕಂಪ್ಯೂಟರಿನ ದಿನಾಂಕ ಆಗಾಗ ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗುತ್ತಿತ್ತಂತೆ. ಆಗ ಬ್ಯಾಂಕಿನ ಜಾಲತಾಣ ತೆರೆಯುತ್ತಿರಲಿಲ್ಲ. ಜಾಲತಾಣದ ಭದ್ರತಾ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಹಳೇ ದಿನಾಂಕ ನೋಡಿ ಬ್ರೌಸರ್ ಅದನ್ನು ನಂಬುವುದಿಲ್ಲ. ಮಾವ ತಾನು ದುಡಿದ ಬ್ಯಾಂಕನ್ನೇ ಬೈಯುತ್ತಾ ಕೂತಿದ್ದರು.

ಸೆಲ್ ಬದಲಾಯಿಸಿದೆವು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ, ಸಣ್ಣ ದುಡ್ಡು. ಆಮೇಲೆ ಆ ಮನೆಯಲ್ಲಿ ಲಿನಕ್ಸಿಗೆ ಸಿಡಿಲಿನ ಹೆದರಿಕೆ ಹೋಯಿತು.

ಕತೆಯೇ ಜಾಸ್ತಿ ಸಮಯ ತಿಂದಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ, ಕಾಗದ ಪೆನ್ನು ಇದ್ದರೆ ಬರೆದುಕೊಳ್ಳಿ.

ಪರದೆಯ ಮೇಲೆ ಸಾಲೇ ಇಲ್ಲ, ಬರೀ ಬೀಪ್ ಬೀಪ್ ಅಂತ ಕೂಗುತ್ತದೆ ಅಂದರೆ ಹೆಚ್ಚಾಗಿ ಮೆಮೊರಿ, ಅಂದರೆ ರ‍್ಯಾಮ್. ನಮ್ಮ ಕಡಲ ಬದಿಯ ಉಪ್ಪು ಗಾಳಿ, ಮಳೆಗಾಲದ ತೇವ, ಎರಡೂ ಸೇರಿ ಅದರ ಅಂಚಿಗೆ ಕಿಲುಬು ಹಿಡಿಯುತ್ತದೆ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲ ಉಜ್ಜಿ. ಪುಡಿ ಒರೆಸಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ.

ಪೆನ್‌ಡ್ರೈವಿನಿಂದ ಶುರುವೇ ಆಗುವುದಿಲ್ಲ ಅನ್ನುವವರು ಬಹಳ ಜನ. ಇಳಿಸಿಕೊಂಡ ಐಎಸ್‌ಒ ಫೈಲನ್ನು, ಅಂದರೆ ಇಡೀ ಲಿನಕ್ಸ್ ಇರುವ ಒಂದೇ ಫೈಲನ್ನು, ಹಾಡು ಕಾಪಿ ಮಾಡಿದ ಹಾಗೆ ಕಾಪಿ ಮಾಡಿರುತ್ತಾರೆ. ಹಾಗೆ ಆಗುವುದಿಲ್ಲ. ರೂಫಸ್ ಅಥವಾ ಬಲೇನಾ ಎಚರ್ ಅನ್ನುವ ಉಚಿತ ಪ್ರೋಗ್ರಾಂ ಬಳಸಿ ಬರೆಯಬೇಕು. ಬರೆದರೆ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಆಮೇಲೆ ಡಬ್ಬದ ಹಿಂದಿನ ಕಿಂಡಿಗೆ ಚುಚ್ಚಿ. ಮುಂದಿನ ಕಿಂಡಿಗಳನ್ನು ಹಳೇ ಡಬ್ಬದಲ್ಲಿ ನಾನು ನಂಬುವುದಿಲ್ಲ. ಆನ್ ಮಾಡಿದ ಕೂಡಲೇ ಡೆಲ್, ಲೆನೊವೊ ಆದರೆ ಎಫ್ 12, ಎಚ್‌ಪಿ ಆದರೆ ಎಫ್ 9, ಏಸುಸ್ ಬೋರ್ಡ್ ಆದರೆ ಎಫ್ 8 ಒತ್ತುತ್ತಾ ಇರಿ. ಪಟ್ಟಿ ಬರುತ್ತದೆ.

ಆ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವಿನ ಹೆಸರು ಎರಡು ಸಲ ಇದ್ದರೆ, ಒಂದರ ಹಿಂದೆ ಯುಇಎಫ್‌ಐ ಅಂತ ಬರೆದಿರುತ್ತದೆ, ಹಳೇ ಬಯಾಸಿನ ಜಾಗಕ್ಕೆ ಬಂದ ಹೊಸ ವ್ಯವಸ್ಥೆ ಅದು. ಓದಿ. ವಿಂಡೋಸನ್ನೂ ಉಳಿಸಿಕೊಳ್ಳುವವರು ಅದು ಯಾವ ದಾರಿಯಲ್ಲಿ ಏಳುತ್ತದೋ ಅದೇ ದಾರಿ ಆರಿಸಬೇಕು. ಒಂದು ಯುಇಎಫ್‌ಐ, ಇನ್ನೊಂದು ಹಳೇ ಬಯಾಸ್ ಅಂತ ಬೆರೆಸಿದರೆ ಗ್ರಬ್ ಪಟ್ಟಿಯಲ್ಲಿ ಒಂದು ಕಾಣುವುದಿಲ್ಲ. ಆಮೇಲೆ ನನಗೆ ಫೋನ್.

ಇನ್ನೊಂದು ಸಾಲು. ಈ ಕರ್ನಲಿಗೆ ಎಕ್ಸ್ 86-64 ಪ್ರೊಸೆಸರ್ ಬೇಕು, ನನಗೆ ಸಿಕ್ಕಿದ್ದು ಐ 686 ಮಾತ್ರ ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ಇನ್ಯಾರು ಹೇಳುತ್ತಾರೆ? ನಿಮ್ಮದು 32 ಬಿಟ್ ಯಂತ್ರ, ನೀವು ಹಾಕುತ್ತಿರುವುದು 64 ಬಿಟ್ ಲಿನಕ್ಸ್. ಎಷ್ಟು ಸಲ ಹಾಕಿದರೂ ಅಷ್ಟೇ. ಉಬುಂಟು ಅನ್ನುವ ಲಿನಕ್ಸ್ 2017ರಲ್ಲೇ 32 ಬಿಟ್ ಡೆಸ್ಕ್‌ಟಾಪ್ ಡಿಸ್ಕ್ ನಿಲ್ಲಿಸಿತು. 2025ರ ಆಗಸ್ಟಿನಲ್ಲಿ ಬಂದ ಇನ್ನೊಂದು ಲಿನಕ್ಸ್ ಡೆಬಿಯನ್ 13ರಲ್ಲೂ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಡೆಬಿಯನ್ 12ರಲ್ಲಿ ಇದೆ, ಅದನ್ನು ಹಾಕಿ.

ಇನ್‌ಸ್ಟಾಲ್ ಆಯಿತು, ಆದರೆ ಪರದೆ ಕಪ್ಪು. ಹಳೇ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಇದು ಜಾಸ್ತಿ. ಗ್ರಬ್ ಪಟ್ಟಿ ಬಂದಾಗ ಇ ಅಕ್ಷರ ಒತ್ತಿ. ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಹೋಗಿ ನೋಮೋಡ್‌ಸೆಟ್ ಅಂತ ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಬರೆದು ಎಫ್ 10 ಒತ್ತಿ. ಪರದೆ ಬಂದ ಮೇಲೆ ಸರಿಯಾದ ಡ್ರೈವರ್ ಹಾಕಿಕೊಳ್ಳಿ.

ಗ್ರಬ್ ರೆಸ್ಕ್ಯೂ ಅಂತ ಬಂದು ನಿಂತರೆ ಗ್ರಬ್ ಎದ್ದಿದೆ, ಅದಕ್ಕೆ ತನ್ನ ಉಳಿದ ಫೈಲು ಸಿಗಲಿಲ್ಲ ಅಂತ. ಡಿಸ್ಕಿನ ಪಾರ್ಟಿಷನ್ ಅಳಿಸಿದ್ದೀರಾ, ಅಥವಾ ಕೇಬಲ್ ಬದಲಾಯಿಸಿದ್ದೀರಾ, ಯೋಚಿಸಿ. ಇನಿಟ್‌ರಾಮ್‌ಎಫ್‌ಎಸ್ ಅಂತ ಬಂದು ನಿಂತರೆ ಕರ್ನಲ್ ಕೂಡ ಎದ್ದಿದೆ, ಡಿಸ್ಕಿನ ಲೆಕ್ಕ ಮಾತ್ರ ಅಸ್ತವ್ಯಸ್ತ. ಮಳೆಗಾಲದಲ್ಲಿ ಕರೆಂಟ್ ಪಟ್ಟನೆ ಹೋದ ಮಾರನೇ ದಿನ ಹೀಗೆ ಆಗುತ್ತದೆ. ಅದರ ಮೇಲಿನ ಸಾಲಿನಲ್ಲೇ ಯಾವ ಪಾರ್ಟಿಷನ್ ಅಂತ ಹೆಸರು ಇರುತ್ತದೆ, ಎಸ್‌ಡಿಎ 1 ಅಂತಲೋ 2 ಅಂತಲೋ. ಎಫ್‌ಎಸ್‌ಸಿಕೆ ಅನ್ನುವ ಆಜ್ಞೆಯ ಮುಂದೆ ಆ ಹೆಸರು ಕೊಟ್ಟರೆ ಅದೇ ಸರಿಮಾಡಿಕೊಳ್ಳುತ್ತದೆ. ಹೆಸರು ಬೇಕಲ್ಲ? ಅದಕ್ಕೇ ಹೇಳಿದ್ದು, ಓದಿ ಅಂತ.

ಕನ್ನಡ ಟೈಪ್ ಮಾಡುವುದರ ಬಗ್ಗೆಯೂ ಹೇಳಬೇಕೆಂದಿದ್ದೆ, ಸಮಯ ಉಳಿಯಲಿಲ್ಲ. ಲಿನಕ್ಸಿನ ಸೆಟ್ಟಿಂಗಿನಲ್ಲಿ ಇನ್‌ಪುಟ್ ಮೆಥಡ್ ಅಂತ ಇದೆ. ಅಲ್ಲಿ ಐಬಸ್ ಅನ್ನುವ ಪ್ರೋಗ್ರಾಂ ಹಾಕಿಕೊಂಡು ಕನ್ನಡ ಕೆಜಿಪಿ ಆರಿಸಿ. ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಿಂದ ಬಂದ ವಿನ್ಯಾಸ ಅದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಗೊತ್ತಿದ್ದವರಿಗೆ ಹೊಸದಾಗಿ ಕಲಿಯಲು ಏನೂ ಇಲ್ಲ. ನಮಸ್ಕಾರ.